ಇ-ಮೇಲ್ ಬಂತು, ಕಳಿಸಿದ್ದು ಅವರೇನಾ?



‘ನಮ್ಮ ಖಾತೆ ನಂಬರ್ ಬದಲಾಗಿದೆ, ಈ ತಿಂಗಳ ಸಾಲದ ಕಂತನ್ನು ಹೊಸ ನಂಬರಿಗೆ ಕಟ್ಟಿ’ ಎಂದು ಬ್ಯಾಂಕಿನ ಹೆಸರಿನಲ್ಲೇ ನಿಮ್ಮ ಸಂಘಕ್ಕೆ ಒಂದು ಇ-ಮೇಲ್ ಬಂತು ಅಂತ ಇಟ್ಟುಕೊಳ್ಳಿ. ನಂಬಿ ಕಟ್ಟಿದರೆ ಇಪ್ಪತ್ತು ಮನೆಯ ದುಡ್ಡು ಹೋಯಿತು. ಇಂಥ ಪತ್ರ ನಮ್ಮ ಫೋನಿನವರೆಗೂ ಬರುವುದಾದರೂ ಹೇಗೆ?

ಅಂಚೆ ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರನ್ನು ಬೇಕಾದರೂ ಬರೆಯಬಹುದು, ಪೋಸ್ಟ್‌ಮ್ಯಾನ್ ಕೇಳುವುದಿಲ್ಲ. 1982ರಲ್ಲಿ ಇ-ಮೇಲ್ ಸಾಗಿಸುವ ನಿಯಮ ಬರೆದಾಗಲೂ ಕಳಿಸಿದವರನ್ನು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಅದು ಆಮೇಲೆ ಬಂತು.

ನಮ್ಮ ಸಂಘದ ಖಾತೆಯನ್ನೇ ನೆನೆಯಿರಿ. ಖಾತೆ ತೆರೆಯುವಾಗ ‘ಇಂಥ ಪ್ರತಿನಿಧಿಗಳು ಸಹಿ ಮಾಡುತ್ತಾರೆ’ ಎಂದು ಠರಾವು ಬರೆದು ಕೊಟ್ಟಿದ್ದೇವಲ್ಲ? ಹಾಗೆಯೇ ಬ್ಯಾಂಕು ‘ನನ್ನ ಹೆಸರಿನಲ್ಲಿ ಇ-ಮೇಲ್ ಕಳಿಸುವ ಸರ್ವರುಗಳು ಇವು’ ಎಂದು ಪಟ್ಟಿ ಪ್ರಕಟಿಸಿಡುತ್ತದೆ. ಇದು ಎಸ್‌ಪಿಎಫ್. ಪತ್ರಕ್ಕೆ ಕಣ್ಣಿಗೆ ಕಾಣದ ಮೊಹರು ಹಾಕುವುದು ಡಿಕೆಐಎಂ. ದಾರಿಯಲ್ಲಿ ಯಾರಾದರೂ ಖಾತೆ ನಂಬರ್ ತಿದ್ದಿದರೆ ಮೊಹರು ತಾಳೆಯಾಗದು. ಇವೆರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಬ್ಯಾಂಕೇ ಹೇಳಿಡುವ ಸೂಚನೆ ಡಿಮಾರ್ಕ್. ಇದು 2012ರಲ್ಲಿ ಬಂತು. ಸುಮ್ಮನೆ ಬಿಡಿ, ಸ್ಪ್ಯಾಮಿಗೆ ಹಾಕಿ, ಬಾಗಿಲಲ್ಲೇ ತಿರಸ್ಕರಿಸಿ, ಈ ಮೂರರಲ್ಲಿ ಒಂದನ್ನು ಹೇಳಬಹುದು. ‘ಸುಮ್ಮನೆ ಬಿಡಿ’ ಎಂದು ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ಸಹಿಯ ಮಾದರಿ ಕೊಟ್ಟು, ‘ತಾಳೆಯಾಗದಿದ್ದರೂ ದುಡ್ಡು ಕೊಡಿ’ ಅಂದ ಹಾಗಾಯಿತು!

ಹಾಗಂತ ಅನುಮಾನ ಬಂದದ್ದನ್ನೆಲ್ಲ ಎಸೆಯುವುದೂ ಅನ್ಯಾಯವೇ. ಒಕ್ಕೂಟದ ವಿಳಾಸಕ್ಕೆ ಬಂದ ಪತ್ರ ತಾನಾಗಿ ನಿಮ್ಮ ಜಿಮೇಲಿಗೆ ದಾಟುವಂತೆ ಮಾಡಿದ್ದರೆ, ಕೊನೆಗೆ ತಲುಪಿಸಿದ ಸರ್ವರ್ ಬ್ಯಾಂಕಿನ ಪಟ್ಟಿಯಲ್ಲಿ ಇರುವುದಿಲ್ಲ. ಪತ್ರ ಅಸಲಿ, ಪಟ್ಟಿ ಮಾತ್ರ ತಾಳೆಯಾಗದು. ಅದಕ್ಕೇ ಪಟ್ಟಿ, ಮೊಹರು ಎರಡರಲ್ಲಿ ಒಂದು ಸರಿಯಿದ್ದರೂ ಡಿಮಾರ್ಕ್ ಒಪ್ಪುತ್ತದೆ. ಎರಡೂ ತಪ್ಪಿದರೆ ಬಾಗಿಲಲ್ಲೇ ತಿರಸ್ಕರಿಸುವುದು ಮೇಲು ಅಂತ ನನಗನ್ನಿಸುತ್ತದೆ. ಅಸಲಿ ಪತ್ರವೇ ಅಕಸ್ಮಾತ್ ಸಿಕ್ಕಿಹಾಕಿಕೊಂಡರೆ ಕಳಿಸಿದವರಿಗೆ ‘ತಲುಪಲಿಲ್ಲ’ ಎಂದು ತಿಳಿಯುತ್ತದೆ. ಸ್ಪ್ಯಾಮಿಗೆ ಹೋದದ್ದು ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. 30 ದಿನವಾದ ಮೇಲೆ ಜಿಮೇಲ್ ಅದನ್ನು ಅಳಿಸಿಬಿಡುತ್ತದೆ. ಸಾಲ ಮಂಜೂರಾತಿಗೆ ಕಾಯುತ್ತಿರುವವರು ಅಲ್ಲೂ ಒಮ್ಮೆ ಇಣುಕಿ. ಆದರೆ ಅಲ್ಲಿರುವ ಲಿಂಕ್ ಒತ್ತಬೇಡಿ.

ದಿನಕ್ಕೆ 5,000ದಷ್ಟು ಇ-ಮೇಲ್ ಕಳಿಸುವವರು ಈ ಮೂರೂ ಏರ್ಪಾಡು ಇಟ್ಟಿರಲೇಬೇಕೆಂದು 2024ರ ಫೆಬ್ರವರಿಯಿಂದ ಜಿಮೇಲ್ ಕಡ್ಡಾಯ ಮಾಡಿತು. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ‘.ಬ್ಯಾಂಕ್.ಇನ್’ ಎಂದು ಕೊನೆಯಾಗುವ ಹೆಸರಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಬ್ಯಾಂಕಲ್ಲದವರಿಗೆ ಆ ಹೆಸರು ಸಿಗದು.

ಇಷ್ಟೆಲ್ಲ ಇದ್ದರೂ ಮೋಸಗಾರನಿಗೆ ಸಂದು ಉಂಟು. ‘ಬ್ಯಾಂಕ್ ಮ್ಯಾನೇಜರ್’ ಎಂದು ಹೆಸರಿಟ್ಟು ಯಾರೋ ತೆರೆದ ಜಿಮೇಲ್ ಖಾತೆಯ ಪತ್ರ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ತಿಪಟೂರಿನಲ್ಲಿ ನಿಮ್ಮ ಕೊಬ್ಬರಿ ಕೊಳ್ಳುವ ಮಂಡಿಯವರ ಪಾಸ್‌ವರ್ಡ್ ಕದ್ದು ಕಳಿಸಿದ್ದೂ ಪಾಸಾಗುತ್ತದೆ. ಆದ್ದರಿಂದ ಹೆಸರಿನ ಮೇಲೆ ಬೆರಳಿಟ್ಟು ಪೂರ್ತಿ ವಿಳಾಸ ಓದಿ. ಖಾತೆ ನಂಬರ್ ಬದಲಾಯಿತು ಎಂದರೆ ಆ ಪತ್ರದಲ್ಲಿರುವ ಫೋನಿಗೆ ಮಾಡಬೇಡಿ. ಮೊದಲಿಂದ ಗೊತ್ತಿರುವ ನಂಬರಿಗೆ ಮಾಡಿ, ಇಲ್ಲವೇ ಶಾಖೆಗೇ ಹೋಗಿ ಕೇಳಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಆ ದುಡ್ಡು ಮುಂದಕ್ಕೆ ಹೋಗದಂತೆ ತಡೆಯಲು ಅವಕಾಶವಿರುತ್ತದೆ.

ಮುಂದಿನ ವಾರದ ಸಭೆಯಲ್ಲಿ ಮಾತಾಡಿಕೊಳ್ಳಿ: ಸಂಘದ ಇ-ಮೇಲ್ ಯಾರ ಫೋನಿನಲ್ಲಿದೆ? ಅದರ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು? ಹೊಸ ಖಾತೆಗೆ ದುಡ್ಡು ಕಟ್ಟುವ ಮೊದಲು ವಿಚಾರಿಸಿ ಬರುವ ಇಬ್ಬರು ಯಾರು? ಅವರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ.