ಚಿಲಿಕಾ ಸರೋವರದ ಹಕ್ಕಿಗಳು ಕಲಿಸುವ ಪಾಠ



ಮಳೆಗೆ ನಿಮ್ಮ ಹೊಲದಿಂದ ಕೊಚ್ಚಿಹೋದ ಮಣ್ಣು ಎಲ್ಲಿ ಸೇರುತ್ತದೆಂದು ಯೋಚಿಸಿದ್ದೀರಾ? ಹಳ್ಳದಿಂದ ಹೊಳೆಗೆ, ಹೊಳೆಯಿಂದ ಕೆರೆಗೋ ಕಡಲಿಗೋ ಸೇರುತ್ತದೆ. ಅಲ್ಲಿ ಅದು ಮಾಡುವ ಹಾನಿಯನ್ನು ಒಡಿಶಾ ರಾಜ್ಯದ ಚಿಲಿಕಾ ಸರೋವರವನ್ನು ನೋಡಿ ತಿಳಿಯಬಹುದು.

ನೀರು ಮತ್ತು ನೆಲೆ

ಚಿಲಿಕಾ ಬಂಗಾಳ ಕೊಲ್ಲಿಯ ದಡದಲ್ಲಿದೆ. ಮಳೆಗಾಲದಲ್ಲಿ ಇದು 1,100 ಚದರ ಕಿಲೋಮೀಟರಿಗೂ ಮಿಕ್ಕಿ ಹರಡುತ್ತದೆ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮುಂತಾದವು ಸಿಹಿನೀರನ್ನು ತರುತ್ತವೆ. ಅಳಿವೆಯಿಂದ ಕಡಲಿನ ಉಪ್ಪುನೀರು ಒಳಬರುತ್ತದೆ. ಆದುದರಿಂದ ಜೊಂಡು ಬೆಳೆದ ಜೌಗು, ಕೆಸರು ಬಯಲು, ಸವುಳು ನೀರು ಎಲ್ಲವೂ ಇಲ್ಲಿ ಉಂಟು. ಸರೋವರದೊಳಗಿನ ನಳಬಣ ದ್ವೀಪವು ಮಳೆಗಾಲದಲ್ಲಿ ಮುಳುಗಿ, ಚಳಿಗಾಲಕ್ಕೆ ತಲೆಯೆತ್ತುತ್ತದೆ. 15.53 ಚದರ ಕಿಲೋಮೀಟರಿನ ಈ ನೆಲೆಯನ್ನು 1987ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು.

ಕೊಕ್ಕಿಗೆ ತಕ್ಕ ಆಹಾರ

ಚಳಿಗಾಲದಲ್ಲಿ ಸೈಬೀರಿಯ, ಮಂಗೋಲಿಯ ಮೊದಲಾದ ಕಡೆಗಳಿಂದ ಲಕ್ಷಗಟ್ಟಲೆ ಹಕ್ಕಿಗಳು ಬರುತ್ತವೆ. ರಾಜಹಂಸವು ಕೊಕ್ಕನ್ನು ತಲೆಕೆಳಗು ಮಾಡಿ ನೀರನ್ನು ಸೋಸಿ ತಿನ್ನುತ್ತದೆ. ಉದ್ದ ಕೊಕ್ಕಿನ ಗೊರವಗಳು ಕೆಸರಿನೊಳಗಿನ ಹುಳುಗಳನ್ನು ಹಿಡಿಯುತ್ತವೆ. ಹೆಬ್ಬಾತು ಹುಲ್ಲು ಮೇಯುತ್ತದೆ. ನೀರಿನ ಆಳವೂ ಉಪ್ಪೂ ಕೆಟ್ಟರೆ ಇವುಗಳ ಊಟವೂ ಕೆಡುತ್ತದೆ.

ಹೂಳಿನಿಂದ ಬಂದ ಕಷ್ಟ

ಹಾಗೆಯೇ ಆಯಿತು. ನದಿಗಳು ತಂದ ಹೂಳು ತುಂಬಿತು, ಅಳಿವೆ ಕಿರಿದಾಯಿತು, ಉಪ್ಪು ಕಡಮೆಯಾಗಿ ಕಳೆ ಹಬ್ಬಿತು. ಮೀನು, ಸಿಗಡಿ ಇಳಿದು ಬೆಸ್ತರ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. 1993ರಲ್ಲಿ ಚಿಲಿಕಾ ಅಪಾಯದಲ್ಲಿರುವ ಜೌಗು ನೆಲೆಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2000ರ ಸೆಪ್ಟೆಂಬರಿನಲ್ಲಿ ಹೊಸ ಅಳಿವೆಯನ್ನು ತೋಡಿದ ಮೇಲೆ ಉಪ್ಪುನೀರು ಬಂದು ಮೀನು ಹೆಚ್ಚಿತು. 2002ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆಯಲಾಯಿತು. ದಡದ ಮಂಗಳಾಜೋಡಿ ಗ್ರಾಮದಲ್ಲಿ ಹಿಂದೆ ಹಕ್ಕಿ ಹೊಡೆದು ಮಾರುತ್ತಿದ್ದವರೇ ಕಾವಲುಗಾರರಾದರು. ನೋಡಬಂದವರನ್ನು ದೋಣಿಯಲ್ಲಿ ಕರೆದೊಯ್ದು ಸಂಪಾದಿಸುತ್ತಾರೆ.

ನಾವು ಮಾಡಬೇಕಾದುದು

ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ. ಆದುದರಿಂದ ಈ ಪಾಠ ನಮಗೂ ಸಲ್ಲುತ್ತದೆ.

1. ಇಳಿಜಾರಿಗೆ ಅಡ್ಡಲಾಗಿ ಉಳಿರಿ. ಬದುಗಳನ್ನು ಮಳೆಗೆ ಮುಂಚೆ ಭದ್ರಪಡಿಸಿರಿ.
2. ಹಳ್ಳದ ದಡದಲ್ಲಿ ಹುಲ್ಲು, ಗಿಡ ಉಳಿಸಿರಿ.
3. ಕೆರೆಯ ಹಕ್ಕಿಗಳನ್ನು ಹೊಡೆಯದಿರಿ, ಮಕ್ಕಳಿಗೂ ತಿಳಿಹೇಳಿರಿ.

ಹೊಲದ ಮಣ್ಣು ಹೊಲದಲ್ಲಿ ನಿಂತರೆ ಬೆಳೆಗೆ ಬಲ. ಹರಿದುಹೋದರೆ ಕೆರೆಗೆ ಹೂಳು.