ಅಪ್ಪನ ಯೆಜ್ಡಿ ನಡುದಾರಿಯಲ್ಲಿ ಯಾಕೆ ನಿಲ್ಲುತ್ತಿತ್ತು?



ಯುಗಾದಿ ಊಟದ ದಿನ ನಾವು ನಾಲ್ಕೈದು ಜನ ಕೂತಿದ್ದಾಗ ಮಾತು ಊರಿನ ಬೈಕುಗಳ ಕಡೆ ತಿರುಗಿತು. ಎಲ್ಲರ ಮನೆಯಲ್ಲೂ ಒಂದು ಇದ್ದೇ ಇದೆ. ಅಪ್ಪನದೋ, ಭಾವನದೋ, ಕಾಲೇಜಿನ ದಿನಗಳಲ್ಲಿ ತಾವೇ ಮೆರೆಸಿದ್ದೋ. ರಜೆಗೆ ಹೋದಾಗ ಹೊದಿಕೆ ತೆಗೆದು ಕಿಕ್ ಹೊಡೆದರೆ ಸ್ಟಾರ್ಟೂ ಆಗುತ್ತದೆ. ಆದರೆ ಎರಡು ಮೈಲಿ ಹೋಗುವುದರೊಳಗೆ ಆಫ್! ಇದರ ಬಗ್ಗೆ ಬರೆಯಿರಿ ಅಂದರು. ನಾನು ಮೆಕ್ಯಾನಿಕ್ ಅಲ್ಲ, ಆದರೆ ಹೋದ ವರ್ಷ ಮೈಸೂರಿನಲ್ಲಿದ್ದ ಒಂದು ಬೈಕಿನ ಕಾಯಿಲೆಯನ್ನು ಇಲ್ಲಿಂದಲೇ ಫೋನಿನಲ್ಲಿ ಪತ್ತೆ ಹಚ್ಚಿದ್ದೇನೆ. ಆ ಧೈರ್ಯದ ಮೇಲೆ ಈ ಪಾಠ.

ಬೈಕು ನಮ್ಮಪ್ಪನದು, 1985ರ ಯೆಜ್ಡಿ ರೋಡ್‌ಕಿಂಗ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಪ್ಪನ ಗಾಡಿ ಮಾತ್ರ ಓಡುತ್ತಲೇ ಇದೆ. ಅಪ್ಪನಿಗೆ 74 ವರ್ಷ. ಒಂದು ದಿನ ಅಮ್ಮ ಫೋನ್ ಮಾಡಿದರು. "ನೋಡಪ್ಪಾ, ರಿಂಗ್ ರೋಡಿನಲ್ಲಿ ಗಾಡಿ ನಿಂತುಹೋಯ್ತಂತೆ, ಹಿಂದೆ ಲಾರಿ ಬರ್ತಿತ್ತಂತೆ. ಮಾರಿಬಿಡೋಕೆ ನೀನಾದ್ರೂ ಹೇಳು" ಅಂತ. ಹಿಂದಿನಿಂದ ಅಪ್ಪನ ದನಿ: "ಪೆಟ್ರೋಲ್ ಸರಿಯಿಲ್ಲ ಕಣೋ, ಗಾಡಿ ಸರಿಯಾಗೇ ಇದೆ."

ಅಷ್ಟರಲ್ಲಿ ಗ್ಯಾರೇಜಿನಲ್ಲಿ ಪ್ಲಗ್, ಪಾಯಿಂಟ್ಸ್, ಕಂಡೆನ್ಸರ್, ಕಾಯಿಲ್ ಎಲ್ಲ ಹೊಸದಾಗಿದ್ದವು. ಗಾಡಿ ಮಾತ್ರ ನಿಲ್ಲುವುದನ್ನು ಬಿಟ್ಟಿರಲಿಲ್ಲ. ನನಗನ್ನಿಸುವುದು ಇಷ್ಟು: ನಿಂತ ಬೈಕಿಗೆ ಸ್ಪ್ಯಾನರ್ ಹಾಕುವ ಮೊದಲು ಅದು ಯಾವಾಗ, ಹೇಗೆ ನಿಲ್ಲುತ್ತದೆ ಅಂತ ಓಡಿಸುವವರನ್ನು ಕೇಳಬೇಕು. ಹಳೇ ಕಾಲದ ಡಾಕ್ಟರು ನಾಡಿ ಹಿಡಿದುಕೊಂಡೇ ನಾಲ್ಕು ಪ್ರಶ್ನೆ ಕೇಳುತ್ತಿದ್ದರಲ್ಲ, ಹಾಗೆ.

ಮೊದಲನೇ ಪ್ರಶ್ನೆ: ಸ್ವಿಚ್ ಆಫ್ ಮಾಡಿದ ಹಾಗೆ ತಟ್ಟನೆ ನಿಂತಿತೋ, ಇಲ್ಲ ಎಳೆತ ಕಮ್ಮಿಯಾಗಿ, ಮುಗ್ಗರಿಸಿ, ಆಮೇಲೆ ನಿಂತಿತೋ? ತಟ್ಟನೆ ನಿಂತರೆ ಸಾಮಾನ್ಯವಾಗಿ ಕರೆಂಟಿನ ಕಡೆಯ ತೊಂದರೆ. ಹಳ್ಳ ಹಾರಿದಾಗ ನಿಂತರೆ ಸಡಿಲವಾದ ವೈರು ಅಥವಾ ಕೀ ಸ್ವಿಚ್. ಹ್ಯಾಂಡಲ್ ತಿರುಗಿಸಿದಾಗ ನಿಂತರೆ ಅದರ ಬುಡದಲ್ಲಿ ಸವೆದ ವೈರು. ಮಳೆಯಲ್ಲಿ ಮಾತ್ರ ನಿಂತರೆ ಪ್ಲಗ್ಗಿನ ಟೊಪ್ಪಿ. ಬಿಸಿಯಾದ ಮೇಲೆ ಮಾತ್ರ ನಿಂತು, ಪ್ಲಗ್ಗಿನಲ್ಲಿ ಕಿಡಿಯೇ ಬಾರದೆ, ತಣ್ಣಗಾದ ಮೇಲೆ ಮತ್ತೆ ಬಂದರೆ ಕಾಯಿಲ್ ಅಥವಾ ಕಂಡೆನ್ಸರ್. ಮುಗ್ಗರಿಸಿ ನಿಂತರೆ ಪೆಟ್ರೋಲಿನ ದಾರಿ ಹುಡುಕಬೇಕು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆಫ್ ಆಗುವುದಾದರೆ ಕಾರ್ಬೊರೇಟರಿನ ಸಣ್ಣ ಜೆಟ್ಟಿನಲ್ಲಿ ಕಸವಿರಬಹುದು, ಇಲ್ಲವೇ ಐಡ್ಲಿಂಗ್ ಕಮ್ಮಿಯಿರಬಹುದು.

ಅಪ್ಪನ ಉತ್ತರ, "ಮುಗ್ಗರಿಸುತ್ತೆ ಕಣೋ, ಆಮೇಲೆ ನಿಲ್ಲುತ್ತೆ. ಒಂದು ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ." ಹತ್ತು ನಿಮಿಷದ ಆ ವಿಶ್ರಾಂತಿಯಿಂದಲೇ ಗ್ಯಾರೇಜಿನವರು ಕಾಯಿಲ್ ಬಿಸಿಯಾಗುತ್ತಿದೆ ಅಂದುಕೊಂಡದ್ದು. ತಪ್ಪೇನಿಲ್ಲ, ಲಕ್ಷಣ ಹಾಗೇ ಕಾಣುತ್ತದೆ. ಆದರೆ ಅಪ್ಪ ಇನ್ನೊಂದು ಮಾತು ಹೇಳಿದರು. "ಟ್ಯಾಂಕ್ ತುಂಬಿಸಿದ ದಿನ ಎರಡೇ ಕಿಲೋಮೀಟರಿಗೆ ನಿಲ್ಲುತ್ತೆ. ಪೆಟ್ರೋಲ್ ಕಮ್ಮಿಯಿದ್ದಾಗ ಏಳೆಂಟು ಕಿಲೋಮೀಟರ್ ಚೆನ್ನಾಗೇ ಹೋಗುತ್ತೆ. ಅದಕ್ಕೇ ಹೇಳಿದ್ದು, ಬಂಕಿನವನದೇ ಮೋಸ." ಕಾಯಿಲ್‌ಗೆ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ ಅಂತ ಗೊತ್ತಾಗುವುದಿಲ್ಲವಲ್ಲ!

ಕೊಬ್ಬರಿ ಎಣ್ಣೆಯ ತಗಡಿನ ಡಬ್ಬಿ ಜ್ಞಾಪಿಸಿಕೊಳ್ಳಿ. ಒಂದೇ ತೂತು ಮಾಡಿದರೆ ಎಣ್ಣೆ ಗುಳಕ್ ಗುಳಕ್ ಅಂದು ನಿಲ್ಲುತ್ತದೆ. ಅಜ್ಜಿ ಇನ್ನೊಂದು ಮೂಲೆಯಲ್ಲಿ ಮೊಳೆಯಿಂದ ಎರಡನೇ ತೂತು ಮಾಡುತ್ತಿದ್ದರು. ಎಣ್ಣೆ ಹೊರಗೆ ಬರಬೇಕಾದರೆ ಅದರ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಬೈಕಿನ ಟ್ಯಾಂಕಿಗೆ ಆ ಎರಡನೇ ತೂತು ಇರುವುದು ಮುಚ್ಚಳದಲ್ಲಿ. ಅದು ಮುಚ್ಚಿಕೊಂಡರೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಇಳಿಯುತ್ತ ಹೋಗುತ್ತದೆ. ಹಳೆಯ ಗಾಡಿಗಳಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಕೆಳಗಿಳಿಯಬೇಕು. ಅದು ನಿಂತಿರುವುದು ಕಾರ್ಬೊರೇಟರಿಗಿಂತ ಒಂದು ಗೇಣು ಎತ್ತರದಲ್ಲಿ. ಅಷ್ಟು ಎತ್ತರದ ಪೆಟ್ರೋಲಿನ ಒತ್ತಡ, ಹೊರಗಿನ ಗಾಳಿಯ ಒತ್ತಡದ ನೂರರಲ್ಲಿ ಒಂದೂವರೆ ಎರಡು ಪಾಲು ಅಷ್ಟೇ. ಅಂದರೆ ಒಳಗಿನ ಗಾಳಿ ಇಷ್ಟೇ ಇಷ್ಟು ತೆಳುವಾದರೂ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ.

ಈಗ ಅಪ್ಪನ ಬಂಕಿನ ಕಥೆಗೆ ಬನ್ನಿ. ಟ್ಯಾಂಕ್ ತುಂಬಿದಾಗ ಮೇಲೆ ಗಾಳಿಗೆ ಇರುವ ಜಾಗ ಹೆಚ್ಚೆಂದರೆ ಒಂದು ಲೀಟರ್ ಅನ್ನಿ. ಅದರ ನೂರಕ್ಕೆ ಎರಡು, ಅಂದರೆ 20 ಮಿಲಿಲೀಟರ್ ಪೆಟ್ರೋಲ್ ಇಳಿದರೆ ಸಾಕು, ಮುಂದಕ್ಕೆ ಇಳಿಯದು. ಆಮೇಲೆ ಕಾರ್ಬೊರೇಟರಿನ ಬಟ್ಟಲಿನಲ್ಲಿರುವುದು ಖರ್ಚಾಗುವವರೆಗೆ ಮಾತ್ರ ಓಟ. ಹತ್ತು ಲೀಟರ್ ಖಾಲಿ ಇದ್ದರೆ 200 ಮಿಲಿಲೀಟರ್ ಇಳಿಯುತ್ತದೆ, ಅಷ್ಟು ದೂರ ಹೆಚ್ಚು ಹೋಗುತ್ತದೆ. ಗಾಡಿ ನಿಂತ ಮೇಲೆ ಸಂದುಗೊಂದಿನಲ್ಲಿ ಗಾಳಿ ಮೆಲ್ಲಗೆ ಒಳಗೆ ನುಸುಳಿ ಬಟ್ಟಲು ಮತ್ತೆ ತುಂಬುತ್ತದೆ. ಹತ್ತು ನಿಮಿಷದ ಗುಟ್ಟು ಇದೇ.

ಆದರೂ ಇದು ನನ್ನ ಊಹೆ ತಾನೆ? ಪರೀಕ್ಷೆ ಮಾಡಲು ಅಪ್ಪನನ್ನು ಮತ್ತೆ ರಿಂಗ್ ರೋಡಿಗೆ ಕಳಿಸುವಂತಿಲ್ಲ. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಮನೆಯ ಮುಂದಿನ ಬಯಲಿನಲ್ಲಿ, ಹತ್ತಿರ ಬೆಂಕಿ ಬೀಡಿ ಏನೂ ಇಲ್ಲದಂತೆ ನೋಡಿಕೊಂಡು, ಕಾರ್ಬೊರೇಟರಿನ ಪೈಪ್ ಬಿಚ್ಚಿ, ಪೆಟ್ರೋಲಿನ ಕ್ಯಾನಿಗೆ ಬಿಡಲು ಹೇಳಿದೆ. ಮುಚ್ಚಳ ಭದ್ರವಾಗಿ ಹಾಕಿರಬೇಕು. ಪಕ್ಕದ ಮನೆಯ ಹುಡುಗ ಕ್ಯಾನ್ ಹಿಡಿದ, ಅಮ್ಮ ಫೋನ್ ಹಿಡಿದರು. ಮೊದಲು ಧಾರೆ ಚೆನ್ನಾಗಿತ್ತು. ಆಮೇಲೆ ಸಣ್ಣಗಾಯಿತು, ಹನಿಯಾಯಿತು, ನಿಂತೇಹೋಯಿತು. "ಈಗ ಮುಚ್ಚಳ ತೆಗೀರಿ" ಅಂದೆ. ಸುಯ್ ಅಂತ ಗಾಳಿ ಎಳೆದುಕೊಂಡ ಸದ್ದು ಫೋನಿನಲ್ಲಿ ನನಗೂ ಕೇಳಿಸಿತು. ಧಾರೆ ಮತ್ತೆ ಶುರು. ಮುಚ್ಚಳ ತೆಗೆದರೂ ಧಾರೆ ಬಾರದಿದ್ದರೆ ಟ್ಯಾಂಕಿನ ಕಾಕ್‌ನ ಜಾಲರಿಯಲ್ಲಿ ತುಕ್ಕು ಕೂತಿದೆ ಎನ್ನಬಹುದಿತ್ತು.

ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ಸೈಕಲ್ ಟ್ಯೂಬಿನ ಒಂದು ದುಂಡನೆ ಬಿಲ್ಲೆ! ಹಂಪ್ ಹಾರಿಸಿದಾಗ ಪೆಟ್ರೋಲ್ ಚೆಲ್ಲುತ್ತದೆ ಅಂತ ಅಪ್ಪನೇ ಕತ್ತರಿಸಿ ಹಾಕಿದ್ದು. ವಾಷರಿನ ಕೆಲಸಕ್ಕೇನೋ ಆಯಿತು, ಜೊತೆಗೆ ಗಾಳಿಯ ತೂತನ್ನೂ ಮುಚ್ಚಿತು. ಟ್ಯೂಬಿನ ರಬ್ಬರ್ ಪೆಟ್ರೋಲಿನಲ್ಲಿ ಉಬ್ಬಿ ಇನ್ನಷ್ಟು ಬಿಗಿಯಾಗಿತ್ತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್‌ಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ. ವೇಗದಲ್ಲಿದ್ದಾಗ ಹೀಗಾದರೆ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರವೇ ಜಾಮ್ ಆಗಬಹುದು. ಆದ್ದರಿಂದ ಮುಗ್ಗರಿಸಿದ ಕೂಡಲೇ ಆಕ್ಸಿಲರೇಟರ್ ತಿರುಗಿಸುತ್ತ ಕೂರಬೇಡಿ. ಕ್ಲಚ್ ಹಿಡಿಯಿರಿ, ಹಿಂದೆ ನೋಡಿಕೊಂಡು ಎಡಕ್ಕೆ ಬನ್ನಿ. ಅಮ್ಮ ಹೆದರಿದ್ದರಲ್ಲಿ ಅರ್ಥವಿತ್ತು.

ನಿಮ್ಮದು ತಿಂಗಳುಗಟ್ಟಲೆ ನಿಂತ ಬೈಕಾದರೆ ಹಳೆಯ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸಿ. ಭಾರತದಲ್ಲಿ 2025ರಿಂದ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ನೀರು ಹೆಚ್ಚಾದರೆ ಬೇರ್ಪಟ್ಟು ತಳ ಸೇರುತ್ತದೆ. 2020ರ ಈಚೆಗಿನ ಹೊಸ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೊರೇಟರೇ ಇಲ್ಲ. ಅವುಗಳಲ್ಲಿ ಎಂಜಿನ್ ದೀಪ ಹತ್ತಿದೆಯೇ, ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದೆಯೇ ಅಂತ ಮೊದಲು ನೋಡಿ.

ಅಪ್ಪ ಈಗ ಸರಿಯಾದ ವಾಷರ್ ಹಾಕಿಸಿದ್ದಾರೆ, ರಿಂಗ್ ರೋಡಿಗೆ ಮಾತ್ರ ಅಮ್ಮ ಬಿಡುತ್ತಿಲ್ಲ. ಮಿಕ್ಕ ಟ್ಯೂಬನ್ನು, ಸದ್ದು ಬಾರದಿರಲಿ ಅಂತ, ಗೇಟಿನ ಚಿಲಕಕ್ಕೆ ಸುತ್ತಿದ್ದಾರಂತೆ.