ಊರವರ ಚಿತ್ರಮಂದಿರದಲ್ಲಿ ಏಳು ಸಂಜೆಗಳು

ಸಿನಿಮಾ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ತಾರೆಯರ ಹೆಸರು, ಹಾಡು ಮತ್ತು ಹೊಡೆದಾಟ. ಯಾವ ಚಿತ್ರವನ್ನು ನಾವು ನೋಡಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮನಸ್ಸಿಗೆ ಬರುವುದೇ ಅಪರೂಪ. ಆದರೆ ಒಂದು ಊರಿನ ಅಭಿರುಚಿ ಬೆಳೆಯುವುದೂ ಬಾಡುವುದೂ ಈ ಪ್ರಶ್ನೆಯ ಉತ್ತರವನ್ನೇ ಬಹುಮಟ್ಟಿಗೆ ಅವಲಂಬಿಸಿದೆ. ವ್ಯಾಪಾರದ ಚಿತ್ರಮಂದಿರದಲ್ಲಿ ಆ ನಿರ್ಧಾರ ಹಂಚಿಕೆದಾರನದು, ಗಲ್ಲಾಪೆಟ್ಟಿಗೆಯದು. ಕೈಯಲ್ಲಿರುವ ಫೋನಿನಲ್ಲಿ ಒಬ್ಬೊಬ್ಬರೇ ನೋಡುವಾಗ ಯಂತ್ರದ ಲೆಕ್ಕಾಚಾರವೇ ಚಿತ್ರವನ್ನು ನಮ್ಮ ಮುಂದಿಡುತ್ತದೆ. ಊರಿನವರೇ ಕೂಡಿ ಆರಿಸಿ, ಕೂಡಿ ನೋಡಿ, ಕೂಡಿ ಚರ್ಚಿಸುವ ಮೂರನೆಯ ಮಾರ್ಗವೊಂದುಂಟು. ಅದನ್ನು ಸಮುದಾಯ ಚಿತ್ರಮಂದಿರವೆಂದು ಕರೆಯಬಹುದು. ಅದರ ಇತಿಹಾಸವನ್ನೂ, ಅಲ್ಲಿ ಒಂದು ವಾರದ ಕಾರ್ಯಕ್ರಮವನ್ನು ಹೊಂದಿಸುವ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸೋಣ.

ಹಿನ್ನೆಲೆ

1925ರಲ್ಲಿ ಲಂಡನ್ನಿನಲ್ಲಿ ‘ಫಿಲ್ಮ್ ಸೊಸೈಟಿ’ ಸ್ಥಾಪನೆಯಾಯಿತು. ಸಾಮಾನ್ಯ ಮಂದಿರಗಳು ತೋರಿಸದ ಚಿತ್ರಗಳನ್ನು ಸದಸ್ಯರಿಗೆ ತೋರಿಸುವುದು ಅದರ ಉದ್ದೇಶ. ಬರ್ನಾರ್ಡ್ ಷಾ, ಎಚ್. ಜಿ. ವೆಲ್ಸ್ ಮೊದಲಾದವರ ಬೆಂಬಲ ಅದಕ್ಕೆ ದೊರೆಯಿತು. ಐಸೆನ್‌ಸ್ಟೈನರ ‘ಬ್ಯಾಟಲ್‌ಷಿಪ್ ಪೊಟೆಮ್ಕಿನ್’ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ನಿಷಿದ್ಧವಾಗಿದ್ದ ಕಾಲದಲ್ಲಿ, 1929ರ ನವೆಂಬರಿನಲ್ಲಿ, ಈ ಸಂಘ ಅದನ್ನು ತನ್ನ ಸದಸ್ಯರಿಗೆ ತೋರಿಸಿತು. ಗ್ರಿಯರ್ಸನರ ‘ಡ್ರಿಫ್ಟರ್ಸ್’ ಎಂಬ ಸಾಕ್ಷ್ಯಚಿತ್ರವೂ ಅಂದೇ ತೆರೆ ಕಂಡಿತು.

ನಮ್ಮ ದೇಶದಲ್ಲಿ 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದ ತರುಣರು ಕಲ್ಕತ್ತ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ರಾಯ್ ಆಗಿನ್ನೂ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ‘ಪಥೇರ್ ಪಾಂಚಾಲಿ’ ಬಂದದ್ದು 1955ರಲ್ಲಿ. ಒಳ್ಳೆಯ ಪ್ರೇಕ್ಷಕನಾಗುವುದೇ ಒಳ್ಳೆಯ ನಿರ್ದೇಶಕನಾಗುವ ಮೊದಲ ಮೆಟ್ಟಿಲೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಆರಂಭವಾಯಿತು. 1959ರಲ್ಲಿ ಇಂಥ ಸಂಘಗಳ ಒಕ್ಕೂಟವೂ ಏರ್ಪಟ್ಟಿತು. ಬೆಂಗಳೂರಿನ ‘ಸುಚಿತ್ರ’ 1971ರದು.

ಇವೆಲ್ಲ ಮಹಾನಗರಗಳ ಮಾತಾಯಿತು. ಹಳ್ಳಿಯವನಿಗೆ ಇಂಥ ಚಿತ್ರ ಅರ್ಥವಾದೀತೇ ಎಂಬ ಅನುಮಾನ ಪಟ್ಟಣಿಗರಲ್ಲಿ ಇದ್ದೇ ಇತ್ತು. ಅದಕ್ಕೆ ಉತ್ತರ ದೊರೆತದ್ದು ವಾದದಿಂದಲ್ಲ, ಸಾಗರದ ಬಳಿಯ ಹೆಗ್ಗೋಡಿನಿಂದ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ನಾಟಕದ ಜೊತೆಗೆ 1973ರಲ್ಲಿ ಚಿತ್ರಸಮಾಜವನ್ನೂ ಆರಂಭಿಸಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳು ಅಡಕೆ ತೋಟದ ಸೀಮೆಗೆ ಬಂದವು. ಚಿತ್ರರಸಗ್ರಹಣದ ಶಿಬಿರಗಳು ನಡೆದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರರು ಬಂದು ಪಾಠ ಹೇಳಿದರು. ಕೃಷಿಕರು, ಉಪಾಧ್ಯಾಯರು, ವಿದ್ಯಾರ್ಥಿಗಳು ಒಂದೇ ಚಾಪೆಯ ಮೇಲೆ ಕುಳಿತು ಕುರೊಸಾವನನ್ನು ಚರ್ಚಿಸಬಲ್ಲರೆಂಬುದು ಆಗ ಸಿದ್ಧವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು.

ವಾರದ ಹೊಂದಾಣಿಕೆ

ಏಳು ಒಳ್ಳೆಯ ಚಿತ್ರಗಳನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ಸಪ್ತಾಹವಾಗದು. ಊಟದಲ್ಲಿ ಬಡಿಸುವ ಕ್ರಮವಿರುವಂತೆ ಇಲ್ಲಿಯೂ ಕ್ರಮವಿರಬೇಕು. ಒಂದು ಮಾದರಿಯನ್ನು ನೋಡೋಣ.

ಮೊದಲ ಸಂಜೆ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ಉಳಿದಿರುವ ಭಾಗ. 1913ರ ಈ ಮೂಕಿಚಿತ್ರಕ್ಕೆ ಊರಿನ ಹಾರ್ಮೋನಿಯಂ, ತಬಲದವರೇ ಹಿನ್ನೆಲೆ ನುಡಿಸಲಿ. ಕತೆ ಎಲ್ಲರಿಗೂ ಗೊತ್ತಿರುವುದರಿಂದ ಕಣ್ಣು ಚಿತ್ರದ ಭಾಷೆಯ ಕಡೆಗೆ ಹರಿಯುತ್ತದೆ. ಎರಡನೆಯ ದಿನ ಮಕ್ಕಳಿಗೆ ಚಾಪ್ಲಿನ್ನನ ‘ದಿ ಕಿಡ್’ (1921). ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುವುದನ್ನು ಅದು ಕಲಿಸುತ್ತದೆ. ಮೂರನೆಯ ದಿನ ಇಟಲಿಯ ‘ಬೈಸಿಕಲ್ ಥೀವ್ಸ್’ (1948). ಒಂದು ಸೈಕಲ್ಲು ಕಳೆದರೆ ಒಂದು ಸಂಸಾರವೇ ಕುಸಿಯುವ ಬಗೆಯನ್ನು ಅರಿಯಲು ಇಟಾಲಿಯನ್ ಭಾಷೆ ಬೇಕಿಲ್ಲ. 1950ರಲ್ಲಿ ಲಂಡನ್ನಿನಲ್ಲಿ ರಾಯ್ ಅವರನ್ನು ಕಲಕಿದ ಚಿತ್ರ ಇದೇ. ಆದುದರಿಂದ ನಾಲ್ಕನೆಯ ದಿನ ‘ಪಥೇರ್ ಪಾಂಚಾಲಿ’ಯನ್ನಿಟ್ಟರೆ ತಂದೆಯ ನಂತರ ಮಗನನ್ನು ಕಂಡಂತಾಗುತ್ತದೆ.

ಐದನೆಯ ದಿನ ಜಪಾನಿನ ‘ರಾಶೊಮಾನ್’ (1950). ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ನಿಜ ಯಾವುದು? ಅಂದಿನ ಚರ್ಚೆಗೆ ಹೆಚ್ಚು ವೇಳೆಯಿರಲಿ. ಆರನೆಯ ದಿನ ನಮ್ಮ ಮನೆಗೆ ಹಿಂತಿರುಗೋಣ: ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ (1975). ಐದು ದಿನ ಪಳಗಿದ ಕಣ್ಣು, ಪಠ್ಯದಲ್ಲಿ ಓದಿ ಮುಗಿಸಿದೆವೆಂದುಕೊಂಡ ಚೋಮನನ್ನು ಹೊಸದಾಗಿ ಕಾಣುವುದು.

ಏಳನೆಯ ದಿನ ಚಿತ್ರವೇ ಬೇಡ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಜನ ಜೋಪಾನ ಮಾಡದ ಕಲೆಯ ಗತಿ ಇದು. ಆ ಸಂಜೆ ಊರಿನ ಹಳೆಯ ಟೂರಿಂಗ್ ಟಾಕೀಸಿನ ಆಪರೇಟರು, ಗೇಟು ಕಾಯುತ್ತಿದ್ದವರು, ನೆಲದ ಟಿಕೆಟ್ಟಿನಲ್ಲಿ ಕುಳಿತ ಅಜ್ಜಿಯರು ವೇದಿಕೆಗೆ ಬರಲಿ. ಅವರ ನೆನಪನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಬರೆಯದಿದ್ದರೆ ಅದೂ ಸುಲೋಚನೆಯ ದಾರಿಯನ್ನೇ ಹಿಡಿದೀತು.

ಕೆಲವು ವ್ಯಾವಹಾರಿಕ ಸಂಗತಿಗಳು

ಹಿಂದೆ ಯಂತ್ರವೇ ದೊಡ್ಡ ತೊಡಕಾಗಿತ್ತು. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಗಂಟೆಯ ಚಿತ್ರಕ್ಕೆ 10,800 ಅಡಿ ಬೇಕು. ಅಷ್ಟು ರೀಲುಗಳನ್ನು ತರಿಸುವುದೂ ಹಿಂತಿರುಗಿಸುವುದೂ ಸುಲಭವಾಗಿರಲಿಲ್ಲ. ಇಂದು ಅಂಗೈಯಗಲದ ಪೆಟ್ಟಿಗೆಯಲ್ಲಿ ಇಡೀ ಸಪ್ತಾಹ ಅಡಗುತ್ತದೆ. ಆದರೂ ಮೂರು ನಿಯಮಗಳನ್ನು ಮರೆಯಬಾರದು. ಒಂದು, ಚಿತ್ರದ ಹಕ್ಕುದಾರರ ಅನುಮತಿಯನ್ನು ಪಡೆಯಬೇಕು. 1952ರ ಸಿನಿಮಾಟೋಗ್ರಾಫ್ ಕಾಯಿದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕೆಂಬುದೂ ನೆನಪಿರಲಿ. ಎರಡು, ತೆರೆಯ ಕೆಳಗಿನ ಇಂಗ್ಲಿಷ್ ಅಕ್ಷರವನ್ನು ಓದಲಾರದವರಿಗಾಗಿ ಮೊದಲೇ ಐದು ನಿಮಿಷ ಕನ್ನಡದಲ್ಲಿ ಕಥಾಸಾರವನ್ನು ಹೇಳಬೇಕು. ಮೂರು, ಚರ್ಚೆಯಲ್ಲಿ ಮೊದಲ ಮಾತು ಪಂಡಿತರದಾಗಬಾರದು. ಅವರು ಮೊದಲು ಮಾತಾಡಿದರೆ ಉಳಿದವರು ಬಾಯಿ ತೆರೆಯುವುದಿಲ್ಲ.

ಉಪಸಂಹಾರ

ಯಂತ್ರದ ತೊಡಕು ನೀಗಿದೆ, ಖರ್ಚು ತಗ್ಗಿದೆ. ಉಳಿದಿರುವ ತೊಡಕು ಒಂದೇ, ಕೂಡುವ ಮನಸ್ಸು. ಅಡಕೆ ತೋಟಗಳ ನಡುವಿನ ಹಳ್ಳಿಯೊಂದು ಮಾಡಿ ತೋರಿಸಿದ್ದು ಸಭಾಂಗಣ, ವಿದ್ಯುತ್ತು, ಪುಸ್ತಕಾಲಯಗಳಿರುವ ನಮ್ಮ ಕಾಲೇಜಿಗೆ ಅಸಾಧ್ಯವೇನೂ ಅಲ್ಲ. ಬರುವ ವರ್ಷ ಏಳು ಸಂಜೆ ನಮ್ಮ ಸಭಾಂಗಣದ ಬಾಗಿಲು ಊರವರಿಗೂ ತೆರೆಯಲಿ. ಕತ್ತಲಲ್ಲಿ ಒಟ್ಟಿಗೆ ಕುಳಿತು ನಕ್ಕವರೂ ಅತ್ತವರೂ, ದೀಪ ಹತ್ತಿದ ಮೇಲೆ ಒಬ್ಬರಿಗೊಬ್ಬರು ಪೂರ್ತಿ ಅಪರಿಚಿತರಾಗಿ ಉಳಿಯಲಾರರು.